ಬಿಳಿ ಕಳೆದ ಕಂಬ

ಕೊಂಕಲ್‌ನಲ್ಲಿ ನಮ್ಮ ಮಾವನವರ ಹೊಲದಲ್ಲಿ ಎಂಟು ಕಂಬಗಳಿದ್ದವು. ರಸ್ತೆ ಬದಿಯ ಟ್ರಾನ್ಸ್‌ಫಾರ್ಮರಿನಿಂದ ಬೋರಿನವರೆಗೆ ಕರೆಂಟಿನ ವೈರು ಹೊತ್ತು ನಿಂತ ನೀಲಗಿರಿ ಕಂಬಗಳು. ನಾಲ್ಕು ನಾನು ಕೊಟ್ಟವು, ನಾಲ್ಕು ನನ್ನ ಷಡ್ಡಕ ಕೊಟ್ಟವು. ನನ್ನ ಹೆಂಡತಿಯ ತಂಗಿಯನ್ನು ಮದುವೆಯಾದವನು ಅವನು, ಸುರಪುರದವನು. ನಮ್ಮ ಮಾವ ಹಬ್ಬಕ್ಕೆ ಇಬ್ಬರು ಅಳಿಯಂದಿರಿಗೂ ಒಂದೇ ಅಂಚಿನ ಧೋತರ ತರುವ ಮನುಷ್ಯ. ಯಾರಿಗೂ ಹೆಚ್ಚುಕಡಿಮೆ ಆಗಬಾರದೆಂದು ಕಂಬಗಳನ್ನೂ ಹಾಗೆಯೇ ನೆಡಿಸಿದರು. ಒಂದು ನನ್ನದು, ಒಂದು ಅವನದು, ಮತ್ತೆ ಒಂದು ನನ್ನದು. ಬದುವಿನ ಮೇಲೆ ನಡೆದುಹೋಗುವ ಎಂಥವನೂ ಬೇಡವೆಂದರೂ ಹೋಲಿಸಿ ನೋಡಲೇಬೇಕು, ಹಾಗಿತ್ತು ಆ ಸಾಲು.

ಯಾದಗಿರಿಯ ಒಬ್ಬ ಕೇಬಲ್‌ನವನಿಗೆ ಶಹಾಪುರದಿಂದ ಸುರಪುರದ ಕಡೆಯ ಹಳ್ಳಿಗಳಿಗೆ ಇಂಟರ್‌ನೆಟ್ ವೈರು ಎಳೆಯಲು ಕಂಬ ಬೇಕಾಗಿದ್ದವು. ಆ ಆರ್ಡರು ನನಗೋ ಷಡ್ಡಕನಿಗೋ ಎಂಬುದು ಮಾವನ ಹೊಲದ ಈ ಎಂಟು ಕಂಬಗಳ ಮೇಲೆ ನಿಂತಿತು. ಅದು ಹೇಗೆ ಇತ್ಯರ್ಥವಾಯಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಮಾಡಿದ ಒಂದು ಹಲ್ಕಾ ಕೆಲಸವೂ ಇದೆ. ಅದನ್ನು ಬಿಟ್ಟು ಬರೆದರೆ ಕಟ್ಟಿಗೆಯ ಬಗ್ಗೆ ನಾನು ಕಲಿತದ್ದನ್ನು ನಿಮಗೆ ಹೇಳಲು ಬರುವುದಿಲ್ಲ.

ನಾನು ಯಾರ ಆಸ್ತಿಯ ಮೇಲೂ ಬೆಳೆದವನಲ್ಲ. ಯಾದಗಿರಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಹಮಾಲನಾಗಿ ದಿಮ್ಮಿ ಹೊತ್ತೆ. ಹೊತ್ತಾಗಲೇ ನನ್ನ ಹೆಗಲು ಕಟ್ಟಿಗೆಯ ಜಾತಿ ಕಲಿಯಿತು. ಬೇವು ಬೇರೆ ತೂಕ, ಜಾಲಿ ಬೇರೆ ತೂಕ, ಹಸಿ ನೀಲಗಿರಿಯಂತೂ ನೀರಿನ ಕೊಡ ಹೊತ್ತಂತೆ. ಆಮೇಲೆ ಶಹಾಪುರದಲ್ಲಿ ಬೆಟ್ಟ ಕಾಣುವ ಒಂದು ಮೂಲೆಯಲ್ಲಿ ನನ್ನದೇ ಅಡ್ಡೆ ಹಾಕಿದೆ. ನನ್ನನ್ನು ಮೇಲೆ ತಂದದ್ದು ಒಂದೇ ವಿದ್ಯೆ: ಬಿಳಿ ವಜಾ.

ಅದೇನೆಂದರೆ, ರೈತ ಮರ ಕಡಿದು ತಂದಾಗ ನಾನು ದಿಮ್ಮಿಯ ತುದಿಗೆ ಕೊಡಲಿಯಿಂದ ಒಂದು ಚಕ್ಕೆ ಎಬ್ಬಿಸುತ್ತೇನೆ. ನಡುವೆ ಕೆಂಪು ಕಾಣುತ್ತದೆ, ಸುತ್ತ ಬಿಳಿ ಬಳೆ ಕಾಣುತ್ತದೆ. ಕೆಂಪೇ ಚೇಗು, ಮರದ ಗಟ್ಟಿ ತಿರುಳು. ಬಿಳಿ ಎಂದರೆ ಮರ ಬದುಕಿದ್ದಾಗ ನೀರು ಏರುತ್ತಿದ್ದ ಮೆತ್ತನೆ ಭಾಗ. ತೊಲೆಗೆ, ಬಾಗಿಲಿಗೆ, ಕಿಟಕಿಗೆ ಬಿಳಿ ಬರುವುದಿಲ್ಲ, ಹುಳ ತಿನ್ನುತ್ತದೆ. ಆದ್ದರಿಂದ ಅಳತೆ ಹಿಡಿಯುವಾಗ ಎರಡೂ ಕಡೆಯ ಬಿಳಿಯನ್ನು ಕಳೆದು ಉಳಿದದ್ದಕ್ಕಷ್ಟೇ ಬೆಲೆ. ನಮ್ಮ ಕಡೆಯ ಎಲ್ಲ ಅಡ್ಡೆಗಳ ರಿವಾಜು ಇದು. ಎಲ್ಲರೂ ಎರಡು ಬೆರಳು ಕಳೆದರೆ ನಾನು ಮೂರು ಕಳೆಯುತ್ತಿದ್ದೆ. ಅದೂ ಮಾರುವವನು ತಾನೇ ನಾಚಿಕೊಂಡು ಒಪ್ಪುವ ಹಾಗೆ. “ಎಪ್ಪಾ, ಇಷ್ಟು ಬಿಳಿ ಇಟ್ಕೊಂಡು ಮರ ಬೆಳಸೀಯೋ, ಮೂಲಂಗಿ ಬೆಳಸೀಯೋ?” ಎಂದರೆ ಸಾಕಾಗುತ್ತಿತ್ತು.

ಷಡ್ಡಕ ಬಂದದ್ದು ಇಂಥ ಒಂದು ಮಧ್ಯಾಹ್ನ. ಮದುವೆಗೆ ಮುಂಚೆ ಎರಡು ವರ್ಷ ಎಲ್ಲೋ ದೂರದ ಊರಿನಲ್ಲಿ, ಕಂಬಗಳಿಗೆ ಔಷಧಿ ಕುಡಿಸುವ ಕಾರ್ಖಾನೆಯಲ್ಲಿ ಹಮಾಲಿ ಮಾಡಿ ಬಂದಿದ್ದ. ಸುರಪುರದಲ್ಲಿ ತಾನೂ ಅಂಥದೇ ಸಣ್ಣದಾಗಿ ಶುರುಮಾಡುತ್ತೇನೆ ಎಂದ. ಎತ್ತರದ ಆಳು, ಮಾತು ಕಡಿಮೆ, ನಗು ಜಾಸ್ತಿ. ನಮ್ಮ ಮಾವನ ಮನೆಯಲ್ಲಿ ಎಲ್ಲರಿಗೂ ಅವನನ್ನು ಕಂಡರೆ ಅಕ್ಕರೆ. ನನಗೆ ಬರುತ್ತಿದ್ದುದು ಮರ್ಯಾದೆ. ಎರಡಕ್ಕೂ ವ್ಯತ್ಯಾಸ ಇದೆ. ಅದು ಊಟಕ್ಕೆ ಕೂತಾಗ ಗೊತ್ತಾಗುತ್ತದೆ: ನನ್ನ ತಟ್ಟೆಗೆ ಮೊದಲು ಬಡಿಸುತ್ತಿದ್ದರು, ಅವನ ತಟ್ಟೆಗೆ ಎರಡನೆಯ ಸಲ ಕೇಳದೆಯೇ ಬಡಿಸುತ್ತಿದ್ದರು.

ಅವನು ನನ್ನ ಅಡ್ಡೆಯನ್ನೆಲ್ಲ ಸುತ್ತಿ ಕಡೆಗೆ ಹಿಂದಿನ ಗೋಡೆಯ ಹತ್ತಿರ ನಿಂತ. ಅಲ್ಲಿ ನಾನು ಬೇಡವೆಂದು ಎಸೆದಿದ್ದ ನೀಲಗಿರಿ ಗಳಗಳ ರಾಶಿ ಇತ್ತು. ಎಳೆಯ ಮರಗಳು. ಚೇಗು ಸ್ವಲ್ಪ, ಸುತ್ತ ಹೆಬ್ಬೆರಳಿಗಿಂತ ದಪ್ಪ ಬಿಳಿ.

“ಇವು ಕೊಡ್ರಿ ಅಣ್ಣಾರ,” ಎಂದ.

“ತಮ್ಮಾ, ಇವು ಒಲಿಗೆ ಇಟ್ಟಾವು.”

“ಇರ್ಲಿ ಬಿಡ್ರಿ. ನನಗ ಇಂಥವೇ ಬೇಕು.”

“ಬಿಳಿ ಕಾಣ್ತದಿಲ್ಲ ಕಣ್ಣಿಗೆ?”

“ಕಂಡದ್ದಕ್ಕೇ ಕೇಳಾಕತ್ತೀನ್ರಿ,” ಎಂದು ನಕ್ಕ.

ನಾನು ಒಲೆ ಕಟ್ಟಿಗೆಯ ಬೆಲೆಗಿಂತ ತುಸು ಮೇಲೆ ಹೇಳಿದೆ. ಅವನು ಚೌಕಾಶಿಯನ್ನೇ ಮಾಡಲಿಲ್ಲ. ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಹೋದ. ಅಂದು ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿ ನಗಾಡಿದೆ: “ನಿನ್ನ ತಂಗಿ ಗಂಡ ಒಲಿ ಕಟ್ಟಿಗಿ ಒಯ್ದಾನ, ಕಂಬ ಅಂತ.” ಅವಳು ನಗಲಿಲ್ಲ. “ಅವಗ ಏನರ ಗೊತ್ತಿದ್ದೇ ಒಯ್ದಿರ್ತಾನ,” ಎಂದಳು. ಆ ಮಾತು ನನಗೆ ಊಟಕ್ಕಿಂತ ಹೆಚ್ಚು ಹೊತ್ತು ಹೊಟ್ಟೆಯಲ್ಲಿ ಉಳಿಯಿತು.

ಕೆಲವು ತಿಂಗಳಾದ ಮೇಲೆ ಸುರಪುರಕ್ಕೆ ಬೇರೆ ಕೆಲಸಕ್ಕೆ ಹೋದವನು ಅವನ ಜಾಗ ನೋಡದೆ ಬರಲಾಗಲಿಲ್ಲ. ತೊಗಟೆ ಸುಲಿದ ಗಳಗಳನ್ನು ಅವನು ತಗಡಿನ ನೆರಳಿನಲ್ಲಿ ಅಡ್ಡಡ್ಡ ಒಟ್ಟಿದ್ದ, ನಡುವೆ ಗಾಳಿ ಆಡುವಂತೆ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದಲ್ಲ ಎಂದೆ. ಬಿರುಕು ಬಿಡುತ್ತವೆ ಎಂದ. ಒಂದು ಗಳಕ್ಕೆ ಕಲ್ಲಿನಿಂದ ತಟ್ಟಿದ, ಮಡಕೆಯಂತೆ ಸದ್ದಾಯಿತು. ಇನ್ನೊಂದಕ್ಕೆ ತಟ್ಟಿದ, ಮಲಗಿದ ಎಮ್ಮೆಯನ್ನು ತಟ್ಟಿದಂತಾಯಿತು. “ಇದು ಇನ್ನಾ ಹಸಿ. ಒಳಗ ನೀರು ಕುಂತಿದ್ರ ಎಣ್ಣಿ ಎಲ್ಲಿ ಕುಂದ್ರಬೇಕ್ರಿ?” ಎಂದ.

ಒಂದರ ಮೇಲೊಂದು ಎರಡು ಬ್ಯಾರಲ್ ಬೆಸೆಸಿ ನಿಲ್ಲಿಸಿದ್ದ. ಅದರ ತುಂಬ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಕರಿ ಎಣ್ಣೆ. ಕಂಬದ ಬುಡ ಅದರಲ್ಲಿ ಮುಳುಗಬೇಕು, ಯಾಕೆಂದರೆ ಹುಳ ಹಿಡಿಯುವುದು ಮಣ್ಣಿನಲ್ಲಿ ಹೂತ ಭಾಗಕ್ಕೆ ಮತ್ತು ಅದರ ಮೇಲಿನ ಒಂದು ಗೇಣಿಗೆ. ಬೆಳಿಗ್ಗೆಯಿಂದ ಸಣ್ಣ ಉರಿಯಲ್ಲಿ ಕಾಯಿಸಿ, ಸಂಜೆ ಉರಿ ತೆಗೆದು, ಮರುದಿನದವರೆಗೆ ಅಲ್ಲೇ ತಣ್ಣಗಾಗಲು ಬಿಡುತ್ತಿದ್ದ.

“ಯಾಕ ಅಷ್ಟು ಹೊತ್ತು?” ಎಂದು ನಾನು ಬೇಕಂತಲೇ ಉದಾಸೀನವಾಗಿ ಕೇಳಿದೆ.

“ಕಾದಾಗ ಕಟ್ಟಿಗಿ ಒಳಗಿನ ಗಾಳಿ ಹೊರಗ ಬರ್ತದ್ರಿ. ಗುಳು ಗುಳು ಅಂತದ, ನೋಡ್ರಿ. ಆರೋ ಮುಂದ ಒಳಗ ಜಾಗಾ ಖಾಲಿ ಆಗಿರ್ತದಲ್ಲ, ಎಣ್ಣಿ ಎಳ್ಕೊಂತದ. ಬಿಸಿ ಇದ್ದಾಗ ತೆಗದ್ರ ಬರೇ ಮೈಗೆ ಬಳದಂಗ. ಮತ್ತ ಅಣ್ಣಾರ, ನೀವೇನರ ಮಾಡಾವ್ರಿದ್ರ ಬಿಳಿ ಮಾತ್ರ ತೆಗೀಬ್ಯಾಡ್ರಿ. ಎಣ್ಣಿ ಕುಡಿಯೋದೇ ಬಿಳಿ. ಕೆಂಪು ಬಾಯಿ ತೆರಿಯಂಗಿಲ್ಲ.”

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ನನ್ನಂಥವನು ಮಾತ್ರ ಮಾಡಬಹುದಾದ ತಪ್ಪು. ನಾನು ಇಪ್ಪತ್ತು ವರ್ಷ ಕೊಡು-ಕೊಳ್ಳುವವರ ನಡುವೆ ಬದುಕಿದವನು. ಕೇಳದೆ ಹೇಳಿದ ಮಾತನ್ನು ನಂಬಿದವನಲ್ಲ. ತನ್ನ ದಂಧೆಯ ಗುಟ್ಟನ್ನು ಯಾರಾದರೂ ಹೀಗೆ ಬಾಯಿಬಿಟ್ಟು ಹೇಳುತ್ತಾರೆಯೇ? ಅವನು ಬಿಳಿ ತೆಗೆಯಬೇಡಿ ಎಂದನೆಂದರೆ ತೆಗೆಯುವುದರಲ್ಲೇ ಲಾಭ ಇರಬೇಕು. ತಣ್ಣಗಾಗುವವರೆಗೆ ಬಿಡಿ ಎಂದನೆಂದರೆ ನನ್ನ ಹೊತ್ತು ಹಾಳುಮಾಡಲು ಹೇಳಿರಬೇಕು. ಹೀಗೆ ಲೆಕ್ಕ ಹಾಕುತ್ತ, ಶಹಾಪುರದವರೆಗೆ ಬಸ್ಸಿನ ಕಿಟಕಿಯ ಹತ್ತಿರ ಕೂತು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಅದೇ ವರ್ಷ ಮಾವ ಬೋರು ಹಾಕಿಸಿದರು. ಎಂಟು ಕಂಬ ಬೇಕಾದವು. ನಾನು ಎಂಟೂ ಕೊಡುತ್ತೇನೆ ಎಂದೆ. ಅವರು, “ಸಣ್ಣ ಅಳಿಯಾರೂ ಮಾಡಾಕತ್ಯಾರಂತಲ್ಲ, ಅರ್ಧರ್ಧ ಆಗಲಿ,” ಎಂದರು.

ನನ್ನ ನಾಲ್ಕು ಕಂಬ ಆರಿಸಲು ನಾನು ನಾಲ್ಕು ಊರು ತಿರುಗಿದೆ. ದಪ್ಪ ಮರ, ನಡುವೆ ಕೆಂಪು ತುಂಬಿದ ಚೇಗು. ಬಡಿಗನನ್ನು ಕೂಡಿಸಿ ಬಾಚಿಯಿಂದ ಬಿಳಿಯನ್ನೆಲ್ಲ ಕೆತ್ತಿಸಿದೆ. ಕಂಬಗಳು ಹವಳದ ಬಣ್ಣಕ್ಕೆ ಬಂದವು. ನನ್ನದೂ ಒಂದು ಬ್ಯಾರಲ್ ಜೋಡಿ ಆಗಲೇ ಸಿದ್ಧವಾಗಿತ್ತು. ಎಣ್ಣೆ ಕಾಯಿಸಿ ಕಂಬ ಇಳಿಸಿ, ಮೇಲಿನಿಂದ ಬ್ಯಾರಲ್ಲಿನ ಒಳಗೆ ಸುಣ್ಣದಿಂದ ಒಂದು ಗೆರೆ ಎಳೆದೆ, ಎಣ್ಣೆ ಎಷ್ಟು ಇಳಿಯುತ್ತದೆ ನೋಡಲು. ಸಂಜೆ ಬಿಸಿ ಇದ್ದಾಗಲೇ ಕಂಬ ತೆಗೆದೆ. ತೆಗೆಯುವ ಮುಂಚೆ ನೋಡಿದಾಗ ಎಣ್ಣೆ ಗೆರೆಯ ಹತ್ತಿರವೇ ನಿಂತಿತ್ತು. ಮೈಗೆ ಹತ್ತಿದ್ದು ಬಿಟ್ಟರೆ ಒಂದು ಚೆಂಬಿನಷ್ಟೂ ಹೋಗಿರಲಿಲ್ಲ.

ಅಂದು ನನಗಾದ ಸಂತೋಷವನ್ನು ಏನೆಂದು ಹೇಳಲಿ! ಅಷ್ಟು ಎಣ್ಣೆ ಉಳಿಯಿತಲ್ಲ ಎಂದುಕೊಂಡೆ. ಕಂಬ ನೆಟ್ಟ ದಿನ ಮಾವನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ. ಊಟಕ್ಕೆ ಕೂತಾಗ ನಾನೇ ವಿಷಯ ತೆಗೆದೆ.

“ನಿಂದು ಎಷ್ಟು ಇಳೀತು ತಮ್ಮಾ, ಎಣ್ಣಿ?”

“ಒಂದು ಗೇಣು ಇಳೀತ್ರಿ.”

“ಒಂದು ಗೇಣು! ಮಾವಾರ, ಕೇಳ್ರಿ ಇಲ್ಲಿ. ಸಣ್ಣ ಅಳಿಯಾರ ಕಂಬ ಕುಡುಕ ಅದಾವ. ನನ್ನವು ನೋಡ್ರಿ, ಒಂದು ಗುಟುಕು ಸೈತ ಮುಟ್ಟಿಲ್ಲ. ಖಾಂದಾನಿ ಕಂಬ!”

ಎಲ್ಲರೂ ನಕ್ಕರು. ಷಡ್ಡಕನೂ ನಕ್ಕ. ಆದರೆ ನನ್ನ ಕಡೆ ನೋಡಿ ಏನೋ ಹೇಳಲು ಹೋಗಿ ಬಿಟ್ಟ. ಎಲ್ಲರ ಮುಂದೆ ನನ್ನನ್ನು ಸಣ್ಣವನನ್ನಾಗಿ ಮಾಡಲು ಅವನಿಗೆ ಮನಸ್ಸಾಗಲಿಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಮೂರನೆಯ ಮಳೆಗಾಲ ಮುಗಿದ ಮೇಲೆ ಮಾವ ಫೋನ್ ಮಾಡಿದರು. “ಅಳಿಯಾರ, ನಿಮ್ಮ ಎರಡ್ನೇ ಕಂಬ ಜರಾ ವಾಲ್ಯಾದ. ಗಾಳಿಗಿ ಇರಬೇಕು,” ಎಂದರು. ಹೋಗಿ ನೋಡಿದೆ. ಗಾಳಿಯದೇನೂ ತಪ್ಪಿರಲಿಲ್ಲ. ಬುಡದಲ್ಲಿ ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಮೇಲೆ ಕಾಗದದಷ್ಟು ತೆಳ್ಳಗೆ ಕರಿ ಬಣ್ಣ, ಅದರ ಹಿಂದೆ ಗೆದ್ದಲಿನ ಮಣ್ಣು. ಉಳಿದ ಮೂರೂ ಅದೇ ಹಾದಿಯಲ್ಲಿದ್ದವು. ನೀಲಗಿರಿ ಬೇಗ ಬೆಳೆಯುವ ಮರ. ಅದರ ಕೆಂಪು ನಮ್ಮ ಹಳೆ ವಾಡೆಗಳ ಸಾಗವಾನಿಯ ಕೆಂಪಲ್ಲ. ಮನೆಯ ಮೇಲೆ ಒಣಗಿಕೊಂಡಿದ್ದರೆ ಬಾಳುತ್ತದೆ. ಎರೆಮಣ್ಣಿನಲ್ಲಿ ಹೂತರೆ ಹುಳಕ್ಕೆ ತಾನಾಗಿ ಎದುರು ನಿಲ್ಲುವುದಿಲ್ಲ. ಔಷಧಿ ಕುಡಿದರಷ್ಟೇ ನಿಲ್ಲುತ್ತದೆ. ಕುಡಿಯುವ ಬಾಯಿಯನ್ನೇ ನಾನು ಕೆತ್ತಿಸಿ ಎಸೆದಿದ್ದೆ.

ಅಂದು ನಾನು ಇಷ್ಟನ್ನೂ ತಿಳಿದುಕೊಂಡೆ ಎಂದುಕೊಳ್ಳಬೇಡಿ. ಅಂದು ನನಗಿದ್ದದ್ದು ಒಂದೇ ಆಸೆ: ಅವನವೂ ಹೋಗಿರಲಿ.

ಮಾವ ಚಹಾ ಮಾಡಿಸಲು ಮನೆಗೆ ನಡೆದರು. ನಾನು ಬೈಕಿನ ಚೀಲದಿಂದ ಬೈರಿಗೆ ತೆಗೆದೆ. ದಿಮ್ಮಿಯ ಒಳಗು ನೋಡಲು ಸದಾ ಇಟ್ಟುಕೊಂಡಿರುತ್ತೇನೆ. ಅವನ ಮೂರನೆಯ ಕಂಬದ ಬುಡದಲ್ಲಿ ಕೂತು, ನೆಲಕ್ಕೆ ಸಮವಾಗಿ ಕೊರೆದೆ. ಪುಡಿ ಬರತೊಡಗಿತು. ಕರಿ, ಕರಿ, ಮತ್ತೂ ಕರಿ. ಹೆಬ್ಬೆರಳಿನ ಆಳದವರೆಗೆ ಎಣ್ಣೆಯ ಜಿಡ್ಡು, ಮೊದಲ ದಿನದ ವಾಸನೆ. ಆಮೇಲೆ ಕೆಂಪು ಪುಡಿ, ಒಣಗಿದ್ದು, ಗಟ್ಟಿ. ಒಂದು ಹುಳ ಇಲ್ಲ. ಬೈರಿಗೆಯನ್ನು ಇನ್ನೂ ಒಳಗೆ ತಿರುಗಿಸಿದೆ. ಎಲ್ಲಾದರೂ ಒಂದು ಕಡೆ ಮೆತ್ತಗೆ ಸಿಕ್ಕೀತು ಎಂಬ ಆಸೆಯಿಂದ ಕಂಬದ ನಡುವಿನ ತನಕ ಹೋದೆ. ಎಲ್ಲೂ ಸಿಗಲಿಲ್ಲ. ಮಾವ ಕೂಗಿದರು. ಗಡಿಬಿಡಿಯಲ್ಲಿ ತೂತಿಗೆ ಹಸಿಮಣ್ಣು ಮೆತ್ತಿ ಎದ್ದುಬಿಟ್ಟೆ.

ಮನೆಗೆ ಬಂದಾಗ ಹೆಂಡತಿ ನನ್ನ ಬೆರಳ ತುದಿ ನೋಡಿದಳು. “ಇದೇನಿದು ಕರಿ? ನನ್ನ ತಂಗಿ ಗಂಡನ ಕಂಬಕ್ಕ ದೃಷ್ಟಿ ಬೊಟ್ಟು ಇಟ್ಟು ಬಂದೀರೇನು?” ಎಂದಳು. ಸುಮ್ಮನೆ ಅಂದ ಮಾತು ಅದು. ನಾನು ಸೀಮೆಎಣ್ಣೆ ಹಾಕಿ ಕೈ ಉಜ್ಜಿದೆ. ಬಣ್ಣ ಹೋಯಿತು, ವಾಸನೆ ಎರಡು ದಿನ ಹೋಗಲಿಲ್ಲ.

ಆ ನಂತರದ ಎರಡು ವರ್ಷಗಳಲ್ಲಿ ನನ್ನ ಕಂಬಗಳು ಒಂದೊಂದಾಗಿ ವಾಲತೊಡಗಿದವು. ಮಾವ ಯಾರಿಗೂ ಹೇಳದೆ ಒಂದರ ಜಾಗಕ್ಕೆ ಕಲ್ಲಿನ ಕಂಬ ಹಾಕಿಸಿದರು, ಇನ್ನೊಂದಕ್ಕೆ ಬೇವಿನ ಕವೆ ಆನಿಸಿದರು. ಷಡ್ಡಕನ ನಾಲ್ಕು ಹಾಗೆಯೇ ನಿಂತಿದ್ದವು, ಜಾತ್ರೆಗೆ ಬಂದ ಪೊಲೀಸರ ಹಾಗೆ. ಕೊಂಕಲ್‌ನಲ್ಲಿ ಯಾರಿಗಾದರೂ ಕಂಬ ಬೇಕಾದರೆ ಸುರಪುರಕ್ಕೆ ಹೋಗತೊಡಗಿದರು. ನನ್ನ ಅಡ್ಡೆಯ ಮುಂದಿನಿಂದಲೇ ಹೋಗುವರು. ನಮಸ್ಕಾರ ಬೇರೆ ಮಾಡುವರು.

ಕೇಬಲ್‌ನವನು ಬಂದದ್ದು ಆಗ. ಮೊದಲು ನನ್ನ ಅಡ್ಡೆಗೇ ಬಂದ. ದೊಡ್ಡ ಆರ್ಡರು, ಹಳ್ಳಿಯಿಂದ ಹಳ್ಳಿಗೆ ಕಂಬ. ಇಂಥ ಆರ್ಡರು ಬಂದರೆ ಹತ್ತು ವರ್ಷ ಯಾರೂ ನನ್ನ ಮುಂದಿನಿಂದ ಸುರಪುರಕ್ಕೆ ಹೋಗಲಾರರು. ನಾನು ಚಹಾ ತರಿಸಿದೆ, ಮಾತು ಬಿಚ್ಚಿದೆ. ಅವನೂ ನನ್ನ ಜಾತಿಯವನೇ, ಎಂದರೆ ಚೌಕಾಶಿಯ ಜಾತಿ. ಮಾತಿಗೆ ಮರುಳಾಗುವವನಲ್ಲ.

“ಸಾವ್ಕಾರ್ರ, ಹೊಸಾ ಕಂಬ ಎಲ್ಲಾರೂ ಚಂದ ತೋರಸ್ತಾರ. ನೆಟ್ಟು ಐದು ವರ್ಷ ಆಗಿದ್ದು ತೋರಸ್ರಿ. ಕೊಂಕಲ್‌ನಾಗ ನಿಮ್ಮ ಮಾವಾರ ಹೊಲದಾಗ ನಿಮ್ಮವೂ ಅದಾವ, ನಿಮ್ಮ ಷಡ್ಡಕರವೂ ಅದಾವ ಅಂತ ಕೇಳೀನಿ. ಅಲ್ಲೇ ನೋಡೋಣ. ಅವರಿಗೂ ಬರಾಕ ಹೇಳೀನಿ.”

ನನ್ನವುಗಳ ಗತಿ ನನಗೆ ಗೊತ್ತಿತ್ತು. ಆದರೆ ಹೋಗದಿದ್ದರೆ ಸೋತಂತೆ. ಹೋದೆ.

ಬೆಳಗಿನ ಹೊತ್ತು. ಹತ್ತಿ ಬಿಡಿಸುವ ಹೆಂಗಸರು ಹೊಲದಲ್ಲಿದ್ದರು. ಕೇಬಲ್‌ನವನು, ಮಾವ, ಷಡ್ಡಕ, ನಾನು. ನಾಲ್ವರೂ ಸಾಲಿನ ಗುಂಟ ನಡೆದೆವು. ಕೇಬಲ್‌ನವನು ಕೈಯಲ್ಲಿ ಕಲ್ಲು ಹಿಡಿದು ಒಂದೊಂದು ಕಂಬಕ್ಕೆ ತಟ್ಟುತ್ತ ಬಂದ. ನನ್ನ ಮೊದಲನೆಯದರ ಹತ್ತಿರ ನಿಂತು, ಆನಿಸಿದ ಕವೆ ನೋಡಿ, “ಇದು ಊರುಗೋಲು ಹಿಡದದ ಪಾಪ,” ಎಂದ. ಮಾವ ನನ್ನ ಮರ್ಯಾದೆಗೆ ಕೆಮ್ಮಿದರು. ಷಡ್ಡಕನ ಮೊದಲ ಕಂಬಕ್ಕೆ ತಟ್ಟಿದ, ಠಣ್ ಎಂದಿತು. ಎರಡನೆಯದೂ ಠಣ್.

ಮೂರನೆಯದಕ್ಕೆ ತಟ್ಟಿದ. ಸದ್ದು ಡೊಗರಾಗಿ ಬಂತು, ಒಳಗೆ ಟೊಳ್ಳಿದ್ದಂತೆ.

ಇನ್ನೊಮ್ಮೆ ತಟ್ಟಿದ. ಅದೇ ಡೊಗರು ಸದ್ದು. ಬುಡದ ಹುಲ್ಲು ಸರಿಸಿದರೆ ಗೆದ್ದಲಿನ ಮಣ್ಣಿನ ಗೆರೆ, ದಾರದಂತೆ, ನೆಲದಿಂದ ಒಂದು ಕಡೆಗೆ ಏರಿ ಒಳಗೆ ಹೋಗಿತ್ತು. ನಾನು ಮೆತ್ತಿದ ಮಣ್ಣು ಯಾವುದೋ ಮಳೆಗೆ ತೊಳೆದುಹೋಗಿತ್ತು. ಕರಿ ಕುಡಿದ ಬಿಳಿ ಬೇಲಿಯಂತೆ ಸುತ್ತ ನಿಂತಿದ್ದರೂ, ಆ ಬೇಲಿಗೆ ನಾನೇ ಒಂದು ಕಿಂಡಿ ಮಾಡಿಕೊಟ್ಟಿದ್ದೆ. ಎಣ್ಣೆ ಮುಟ್ಟದ ನಡುವಿನ ಭಾಗಕ್ಕೆ ಹುಳ ನೆಟ್ಟಗೆ ಒಳಗೆ ಹೋಗಿತ್ತು.

“ಇದೂ ಹೋಗ್ಯದಲ್ರಿ,” ಎಂದ ಕೇಬಲ್‌ನವನು. ಕಲ್ಲು ಎಸೆದು ಕೈ ಝಾಡಿಸಿಕೊಂಡ. “ನಾಕರಾಗ ಒಂದು ಹೋದ್ರ ಹೆಂಗ? ಊರ ನಡುವ ಮಂದಿ ಮ್ಯಾಲೆ ಬಿದ್ರ ನಾ ಏನು ಹೇಳ್ಲಿ?”

ಷಡ್ಡಕ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನ ಮುಖ ಸಣ್ಣದಾಗಿತ್ತು. ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದ: “ಸರಿಯಾಗಿ ಒಣಗಿರಲಿಲ್ಲೇನೋ… ಆರೋತನಕ ಬಿಟ್ಟಿದ್ನೆಲ್ಲ…” ಆಮೇಲೆ ತಲೆಯೆತ್ತಿ, “ನಂದೇ ಎಲ್ಲೋ ತಪ್ಪಾಗ್ಯದ್ರಿ. ಮುಚ್ಚಿಡಂಗಿಲ್ಲ. ನೀವು ಅಣ್ಣಾರ ಕೂಡ ಮಾತಾಡ್ರಿ. ಅವರು ನನಗಿಂತ ಮೊದ್ಲಿಂದ ಕಟ್ಟಿಗ್ಯಾಗ ಇದ್ದವರು,” ಎಂದ.

ಕೇಬಲ್‌ನವನು ನನ್ನ ಕಡೆ ತಿರುಗಿದ. ಸುಮ್ಮನಿದ್ದರೆ ಸಾಕಾಗಿತ್ತು. ಇಬ್ಬರದೂ ಹೋಗಿದೆ ಎಂದಮೇಲೆ ಮಾತಿನಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ನನಗೂ ಗೊತ್ತು, ಇದನ್ನು ಓದುತ್ತಿರುವ ನಿಮಗೂ ಈಗಾಗಲೇ ಗೊತ್ತು. ಆರ್ಡರು ಅಂಗೈಗೆ ಬಂದು ಕೂತಿತ್ತು.

ನನಗೆ ಒಳ್ಳೆಯ ಬುದ್ಧಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಹೊಟ್ಟೆಕಿಚ್ಚೇ. ತಾನು ಮಾಡದ ತಪ್ಪನ್ನು ನಾಲ್ಕು ಜನರ ಮುಂದೆ ಅಷ್ಟು ಸಲೀಸಾಗಿ ತನ್ನದೆಂದು ಒಪ್ಪಿಕೊಂಡನಲ್ಲ! ನಾನು ಮಾಡಿದ್ದನ್ನೇ ನನಗೆ ಒಪ್ಪಿಕೊಳ್ಳಲು ಆಗುತ್ತಿಲ್ಲ. ಇದರಲ್ಲೂ ಇವನೇ ಮುಂದೆ ಹೋಗಬೇಕೇ? ಆ ಉರಿಯಲ್ಲೇ ಬಾಯಿ ತೆರೆದೆ.

“ಅದು ಅವನ ತಪ್ಪಲ್ಲ. ತೂತು ನಾನು ಕೊರದದ್ದು. ಎರಡು ವರ್ಷದ ಹಿಂದ.”

ಮಾವ ನನ್ನನ್ನು ನೋಡಿದರು. ಷಡ್ಡಕನೂ ನೋಡಿದ. ಕೇಬಲ್‌ನವನು ಮಾತ್ರ ನಕ್ಕ.

“ಸಾವ್ಕಾರ್ರ, ಷಡ್ಡಕರ ಮಾನ ಉಳಸಾಕ ಹೇಳಾಕತ್ತೀರಿ. ನಾನೂ ಇಂಥಾವು ಭಾಳ ನೋಡೀನಿ.”

ನಾನು ಹೇಳಿದ ನಿಜವನ್ನು ಅವನು ನಂಬಲಿಲ್ಲ. ಕೇಳದೆ ಹೇಳಿದ ಮಾತಲ್ಲವೇ! ಹಿಂದೊಮ್ಮೆ ಸುರಪುರದ ಬ್ಯಾರಲ್ಲಿನ ಹತ್ತಿರ ನಿಂತು ನಾನು ಅಂದುಕೊಂಡದ್ದೇ ಅವನ ಕಣ್ಣಿನಲ್ಲಿತ್ತು. ಆಗ ನನಗೆ ರೊಚ್ಚು ಬಂತು. ಚೀಲದಿಂದ ಬೈರಿಗೆ ತಂದು ಆ ತೂತಿನೊಳಗೆ ಇಳಿಸಿದೆ. ಒರೆಯೊಳಗೆ ಕತ್ತಿ ಹೋದಂತೆ ಹೋಯಿತು. “ಈಗರ ನಂಬ್ತೀರೇನು?” ಎಂದೆ. ಅಷ್ಟಕ್ಕೂ ಬಿಡಲಿಲ್ಲ. ಕರೆಂಟು ತೆಗೆಸಿ ವೈರು ಬಿಚ್ಚಿಸಿ, ಮಾವನ ಮನೆಯಿಂದ ಗರಗಸ ತರಿಸಿ, ಕಂಬವನ್ನು ತೂತಿನ ಹತ್ತಿರ ಅಡ್ಡ ಕೊಯ್ಸಿದೆ. ಕೊಯ್ದ ಬಿಲ್ಲೆಯನ್ನು ಕೇಬಲ್‌ನವನ ಕೈಯಲ್ಲಿಟ್ಟೆ. ಸುತ್ತ ಕರಿ ಬಳೆ ಒಂದು ಕಡೆಯೂ ತೆಳ್ಳಗಾಗದೆ ಗಟ್ಟಿಯಾಗಿ ಕೂತಿತ್ತು. ನನ್ನ ತೂತಿನಿಂದ ಹಿಡಿದು ನಡುವಿನವರೆಗೆ ಮಾತ್ರ ಹುಳದ ಹಾದಿ.

“ಇಲ್ನೋಡ್ರಿ. ಈ ಕರಿ ಕಾಣ್ತದಲ್ಲ, ಇದು ಬಿಳಿ ಇತ್ತು ಮೊದ್ಲ. ಬಿಳಿ ಕುಡದದ. ಹುಳ ಇದನ್ನ ಮುಟ್ಟಿಲ್ಲ. ನಾ ಬಾಗಲಾ ತೆಗದದ್ದಕ್ಕ ಒಳಗ ಹೋಗ್ಯದ. ಈಗ ನನ್ನ ಕಂಬ ನೋಡ್ರಿ.” ವಾಲಿದ್ದ ನನ್ನದನ್ನೂ ಕೊಯ್ಸಿದೆ. ಗರಗಸ ನಾಲ್ಕು ಎಳೆತಕ್ಕೇ ಇಳಿದುಹೋಯಿತು. “ಇದಕ್ಕ ಬಿಳಿ ಇಟ್ಟಿಲ್ಲ ನಾ. ಮೈಗೆ ಬಳದದ್ದು ಅಷ್ಟ. ನಿಮಗ ಕಂಬ ಬೇಕಾದ್ರ ಇವನ ಕಡಿಂದ ತಗೋರಿ. ಆದ್ರ ವೈರಿನ ಬೋಲ್ಟಿಗೆ ತೂತು ಹಾಕಾವ್ರಿದ್ರ ಎಣ್ಣಿಗಿ ಇಳಿಸೋ ಮೊದ್ಲೇ ಹಾಕಿಸ್ರಿ. ನೆಟ್ಟ ಮ್ಯಾಲೆ ಯಾರಿಗೂ ಕೊರಿಯಾಕ ಬಿಡಬ್ಯಾಡ್ರಿ.”

ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮಾತನಾಡಿ ಒಂದು ಮಾಲು ಕುದುರಿಸಿದ್ದಿಲ್ಲ. ಕುದುರಿಸಿದ್ದು ಅವನ ಮಾಲು. ಕೇಬಲ್‌ನವನು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಅಲ್ಲೇ ಬದುವಿನ ಮೇಲೆ ಷಡ್ಡಕನಿಗೆ ಆರ್ಡರು ಕೊಟ್ಟ. ಬಿಲ್ಲೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋದ.

ಅವನು ಹೋದ ಮೇಲೆ ಷಡ್ಡಕ ನನ್ನ ಹತ್ತಿರ ಬಂದು ನಿಂತ. ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಅಣ್ಣಾರ, ಕೇಳಿದ್ರ ನಾನೇ ಒಂದು ಕೊಯ್ದು ತೋರಸ್ತಿದ್ದೆನಲ್ರಿ,” ಎಂದ.

“ಕೇಳಾಕ ಮನಸ್ಸು ಬರ್ಬೇಕಲ್ಲ ತಮ್ಮಾ.”

“ಹೌದ್ರಿ,” ಎಂದ. ಆಮೇಲೆ ಕೊಯ್ದ ಕಂಬದ ತುಂಡು ಬದಿಗೆ ಸರಿಸುತ್ತ, “ಇಷ್ಟು ಕಂಬ ನಾ ಎಲ್ಲಿಂದ ತರ್ಲಿ? ನನಗ ಖರೀದಿ ಮಾಡಾಕ ಬರಂಗಿಲ್ಲ. ಹೇಳಿದ ರೇಟಿಗೆ ಹ್ಞೂಂ ಅಂತೀನಿ. ನೀವು ಆರಿಸಿ ಕೊಡ್ತೀರೇನು?” ಎಂದ.

ಮಾವ ಹಿಂದಿನಿಂದ, “ಅರ್ಧರ್ಧ ಆಗಲಿ,” ಎಂದರು.

ಹೀಗೆ ಈಗ ನಾನು ಕಂಬ ಆರಿಸುವವನು, ಅವನು ಕುಡಿಸುವವನು. ಅಬ್ಬೆತುಮಕೂರಿನ ದಾರಿಯ ತನಕ ನೀಲಗಿರಿ ಬೆಳೆದವರು ನನಗೆ ಗೊತ್ತು. ಈಗಲೂ ದಿಮ್ಮಿಯ ತುದಿಗೆ ಚಕ್ಕೆ ಎಬ್ಬಿಸುತ್ತೇನೆ, ಬಿಳಿ ನೋಡುತ್ತೇನೆ. ದಪ್ಪ ಬಿಳಿ ಕಂಡರೆ ಒಳಗೆ ಖುಷಿ, ಹೊರಗೆ ಮುಖ ಸಿಂಡರಿಸಿ, “ಎಪ್ಪಾ, ಇದೇನು ಮೂಲಂಗಿ?” ಎನ್ನುತ್ತೇನೆ. ಅವರು ತಾವೇ ನಾಚಿ ವಜಾ ಬಿಡುತ್ತಾರೆ. ಇದನ್ನು ಓದುವವರಲ್ಲಿ ಮರ ಮಾರುವವರು ಇದ್ದರೆ, ಕಂಬಕ್ಕೆಂದು ಕೊಳ್ಳಲು ಬಂದವನಿಗೆ ಬಿಳಿ ವಜಾ ಬಿಡಬೇಡಿ. ಬಿಳಿಗೇ ಬೆಲೆ ಕೇಳಿ. ಇಷ್ಟು ಹೇಳಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಂತಾಯಿತು, ಇರಲಿ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ರಸ್ತೆಯ ಬದಿಯಲ್ಲಿ ಆ ಕಂಬಗಳು ಒಂದಾದ ಮೇಲೊಂದು ಬರುತ್ತವೆ, ಕರಿ ಬುಡ, ಮೇಲೆ ವೈರು. ಮೊನ್ನೆ ಪಕ್ಕದಲ್ಲಿ ಕೂತವನೊಬ್ಬ ತನ್ನ ಜೊತೆಯವನಿಗೆ, “ಸುರಪುರದವರ ಕಂಬ ಇವು. ಏನು ಗಟ್ಟಿ ಮಾಡ್ತಾರ ನೋಡು,” ಎಂದ. ಆರಿಸಿದವನು ನಾನು ಎಂದು ಹೇಳಬೇಕೆಂದು ಬಾಯಿಗೆ ಬಂತು. ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಕಿಟಕಿಯ ಕಡೆ ತಿರುಗಿ, ಮುಂದಿನ ನಿಲ್ದಾಣದವರೆಗೆ ಎಷ್ಟು ಕಂಬ ನೆಟ್ಟಗಿವೆ ಎಂದು ಎಣಿಸಿದೆ. ಎಲ್ಲವೂ ನೆಟ್ಟಗಿದ್ದವು.